ನಿಮಗಿದು ಗೊತ್ತೇ? ಹಾಳೆಗೆ ತೂತು ಕೊರೆದ ಎರಿಕ್ ಕಾರ್ಲ್

ತಿಂದದ್ದೆಲ್ಲದರಲ್ಲೂ ತೂತು ಬಿಟ್ಟು ಹೋಗುವ ಹೊಟ್ಟೆಬಾಕ ಹುಳು ನೆನಪಿದೆಯೇ? ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲರ್’ ಬರೆದು ಚಿತ್ರಿಸಿದ ಎರಿಕ್ ಕಾರ್ಲ್ 2021ರ ಮೇ 23ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು.

* ಹುಟ್ಟಿದ್ದು 1929ರಲ್ಲಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ. ಬೆಳೆದದ್ದು ಹಿಟ್ಲರನ ಕಾಲದ ಜರ್ಮನಿಯಲ್ಲಿ. ಆರನೇ ವಯಸ್ಸಿಗೆ ಹೆತ್ತವರು ಸ್ಟುಟ್‌ಗಾರ್ಟ್‌ಗೆ ಕರೆದೊಯ್ದಿದ್ದರು.

* ಹುಳಹುಪ್ಪಟೆಯ ಗೀಳು ಹತ್ತಿಸಿದ್ದು ಅಪ್ಪ. ಮಗನನ್ನು ಕಾಡಿಗೆ ಕರೆದೊಯ್ದು, ಕಲ್ಲು ಎತ್ತಿ, ತೊಗಟೆ ಸರಿಸಿ ತೋರಿಸುತ್ತಿದ್ದರು. ನೋಡಿಯಾದ ಮೇಲೆ ಹುಳು ಮತ್ತೆ ತನ್ನ ಜಾಗಕ್ಕೆ! ಯುದ್ಧಕ್ಕೆ ಹೋದ ಆ ಅಪ್ಪ ಸೋವಿಯತ್ ಸೆರೆಯಿಂದ ಮರಳಿದ್ದು 1947ರಲ್ಲಿ.

* ನಾಜಿಗಳು ನಿಷೇಧಿಸಿದ್ದ ಚಿತ್ರಗಳನ್ನು ಡ್ರಾಯಿಂಗ್ ಮೇಷ್ಟ್ರು ಕ್ರೌಸ್ ಮನೆಗೆ ಕರೆದು ಗುಟ್ಟಾಗಿ ತೋರಿಸಿದರು. ಕಾರ್ಲ್ 2011ರಲ್ಲಿ ಆ ಚಿತ್ರಗಳ ನೆನಪಲ್ಲೇ ನೀಲಿ ಕುದುರೆ ಬರೆಯುವ ಚಿತ್ರಕಾರನ ಪುಸ್ತಕ ಮಾಡಿ ಆ ಋಣ ನೆನೆದರು.

* 1952ರಲ್ಲಿ ನ್ಯೂಯಾರ್ಕ್‌ಗೆ ಬಂದಾಗ ಜೇಬಿನಲ್ಲಿದ್ದದ್ದು 40 ಡಾಲರ್.

* ಜಾಹೀರಾತೊಂದಕ್ಕೆ ಅವರು ಮಾಡಿದ್ದ ಕೆಂಪು ಲಾಬ್‌ಸ್ಟರ್ ಲೇಖಕ ಬಿಲ್ ಮಾರ್ಟಿನ್ ಕಣ್ಣಿಗೆ ಬಿತ್ತು. ಇಬ್ಬರೂ ಸೇರಿ 1967ರಲ್ಲಿ ತಂದದ್ದೇ ‘ಬ್ರೌನ್ ಬೇರ್’ ಪುಸ್ತಕ.

* ಒಂದು ದಿನ ಪಂಚಿಂಗ್ ಮಷಿನ್‌ನಲ್ಲಿ ಕಾಗದಕ್ಕೆ ತೂತು ಹಾಕುತ್ತ ಕೂತಿದ್ದಾಗ ಪುಸ್ತಕದ ಹುಳು ಹೊಳೆಯಿತು. ಹೆಸರು ವಿಲ್ಲಿ. ಸಂಪಾದಕಿ ಆ್ಯನ್ ಬೆನೆಡ್ಯೂಸ್‌ಗೆ ಹುಳು ಹಿಡಿಸಲಿಲ್ಲ. ಕಂಬಳಿಹುಳು ಆಗಬಹುದಲ್ಲ ಎಂದರು. ಚಿಟ್ಟೆ ಆಮೇಲೆ ತಾನಾಗಿಯೇ ಬಂತು!

* ತೂತಿನ ಹಾಳೆ, ಗಿಡ್ಡ ಹಾಳೆ ಎಂದರೆ ಅಮೆರಿಕದಲ್ಲಿ ವಿಪರೀತ ಖರ್ಚು. ಹಾಗಾಗಿ 1969ರಲ್ಲಿ ಈ ಕಂಬಳಿಹುಳು ಪುಸ್ತಕದ ಮೊದಲ ಮುದ್ರಣ ನಡೆದದ್ದು ಜಪಾನಿನಲ್ಲಿ. ಈವರೆಗೆ ಮಾರಾಟವಾದ ಪ್ರತಿಗಳು 5 ಕೋಟಿಗೂ ಹೆಚ್ಚು.

* ಅವರ ಬಣ್ಣದ ಗುಟ್ಟು ತೆಳು ಟಿಶ್ಯೂ ಕಾಗದ. ಅದಕ್ಕೆ ಬಣ್ಣ ಬಳಿದು, ಗೀರಿ, ಚುಕ್ಕಿಯಿಟ್ಟು, ಒಣಗಿಸಿ, ಕತ್ತರಿಸಿ ಅಂಟಿಸುತ್ತಿದ್ದರು. ಹಾಳೆಗಳೆಲ್ಲ ಬಣ್ಣಕ್ಕೊಂದು ಡ್ರಾಯರ್‌ನಲ್ಲಿ.

* 1990ರ ಜೀರುಂಡೆ ಪುಸ್ತಕದ ಕೊನೆಯ ಪುಟ ತೆರೆದರೆ ಜೀರುಂಡೆ ಚಿರ್‌ಗುಟ್ಟುತ್ತದೆ. 1995ರ ಮಿಂಚುಹುಳು ಪುಸ್ತಕದಲ್ಲಿ ನಿಜವಾದ ದೀಪಗಳೇ ಮಿನುಗುತ್ತವೆ.

* 2002ರಲ್ಲಿ ಮ್ಯಾಸಚೂಸೆಟ್ಸ್‌ನ ಆ್ಯಮ್‌ಹರ್ಸ್ಟ್‌ನಲ್ಲಿ ಚಿತ್ರಪುಸ್ತಕಗಳ ಕಲೆಗೆಂದೇ ಅವರ ಹೆಸರಿನ ಮ್ಯೂಸಿಯಂ ಬಾಗಿಲು ತೆರೆಯಿತು.

* ಕೊನೆಗೊಂದು ತಕರಾರು. ನೂಲು ಸುತ್ತಿ ಗೂಡು ಕಟ್ಟುವುದು ಪತಂಗದ ಹುಳು. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವುದು ಅಂಥ ರೇಷ್ಮೆಗೂಡೇ. ಚಿಟ್ಟೆಗೆ ಸಾಮಾನ್ಯವಾಗಿ ನೂಲಿನ ಗೂಡಿಲ್ಲ, ಬರಿಯ ಕೋಶ. ಆದರೂ ಕಾರ್ಲ್ ಚಿಟ್ಟೆ ಇಂದಿಗೂ ಗೂಡು ಕೊರೆದೇ ಹೊರಬರುತ್ತದೆ. ಅಲ್ಲೂ ಒಂದು ತೂತು!