ತೀರ್ಥರೂಪರ ಹದಿನಾಲ್ಕು ತಿಂಗಳ ನೌಕರಿ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲಿ ಬಹುಪಾಲು ಜನ ಮನೆಗೆ ಮರಳಬೇಕಾಯಿತು. ನಮ್ಮ ಮಕ್ಕಳು ಹೆಸರು ಬರೆಸುವ ಉದ್ಯೋಗ ವಿನಿಮಯ ಕಚೇರಿಗಳು ಅದೇ ವರ್ಷ ಹುಟ್ಟಿದ್ದು ಹೀಗೆ ಮರಳಿದವರಿಗಾಗಿ. ಉಳಿದವರಿಗೆ ಅವು ತೆರೆದದ್ದು 1948ರಲ್ಲಿ. ಮರಳಿದವರಿಗೆ ಸಿಕ್ಕ ಕೆಲಸಗಳು ಎಷ್ಟು ದಿನ ಬಾಳಿದವು ಎಂಬುದು ಬೇರೆ ಮಾತು. ನಮ್ಮ ತೀರ್ಥರೂಪರದು ಹದಿನಾಲ್ಕು ತಿಂಗಳು ಬಾಳಿತು.

ಅವರದು ಬೀಳಗಿ ಕಡೆಯ ಕೃಷ್ಣಾತೀರದ ಹಳ್ಳಿ. 1942-43ರ ವಿಜಾಪುರದ ಬರದಲ್ಲಿ ಮನೆಯ ಜೋಳ ತೀರಿದಾಗ ಬೆಳಗಾವಿಗೆ ಹೋಗಿ ಮರಾಠಾ ಪಲ್ಟಣ ಸೇರಿದರು. ಇಟಲಿಯ ರಣರಂಗ ಕಂಡು 1946ರಲ್ಲಿ ಊರಿಗೆ ಬಂದರು. ಅಲ್ಲಿನ ಚಳಿ, ಕೆಸರುಗಳನ್ನು ಬಿಟ್ಟು ಯುದ್ಧದ ಬಗ್ಗೆ ಅವರು ಹೆಚ್ಚು ಮಾತನಾಡಿದವರಲ್ಲ.

ಸಿಕ್ಕ ಕೆಲಸ ಲೆವಿ ಜೋಳ ಅಳೆಸುವುದು. ಜಮಖಂಡಿ, ಮುಧೋಳಗಳು ಆಗ ಸಂಸ್ಥಾನಗಳು. ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರೈತ ಬೆಳೆಯ ಒಂದು ಪಾಲನ್ನು ಗೊತ್ತುಮಾಡಿದ ದರಕ್ಕೆ ಸರ್ಕಾರಕ್ಕೆ ಅಳೆಯಬೇಕಿತ್ತು. ಬೆಳೆದವನಿಗೆ ಇದು ಸಂಕಟವೇ. ಆದರೆ ಕೊಂಡೇ ತಿನ್ನಬೇಕಾದ ಕೂಲಿಯವರಿಗೆ, ಮಗ್ಗದವರಿಗೆ ಕಂಟ್ರೋಲ್ ಅಂಗಡಿಯ ಹೊರತು ಗತಿಯಿರಲಿಲ್ಲ.

ನಾವು ಕಣಜದಲ್ಲಿ ಭತ್ತ ತುಂಬುವಂತೆ ಆ ಸೀಮೆಯಲ್ಲಿ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಗುರುತು ತಿಳಿಯದವನಿಗೆ ಅದು ಬರಿಯ ನೆಲ. ತೀರ್ಥರೂಪರ ಸೋದರಮಾವ ಲೆಕ್ಕಕ್ಕೆ ತೋರಿಸಿದ್ದು ಮನೆಯೊಳಗಿನ ಚೀಲಗಳನ್ನು ಮಾತ್ರ. ಹಗೇವು ಎಲ್ಲಿದೆಯೆಂದು ಇವರಿಗೆ ಗೊತ್ತಿತ್ತು. ಬಾಲ್ಯದಲ್ಲಿ ಅದರೊಳಗೆ ಇಳಿದು ಜೋಳ ತುಂಬಿಕೊಟ್ಟವರೇ ಇವರು. ಕುಲಕರ್ಣಿಯವರ ಮುಂದೆ ಬಾಯಿಬಿಡಲಿಲ್ಲ. ರಾತ್ರಿ ಮಾವನ ಮನೆಗೆ ಹೋಗಿ, “ಮಾವಾ, ನಾಳೆ ನೀವಾಗೇ ತಗೀರಿ. ನನ್ನ ಬಾಯಿಲೆ ಹೇಳಸಬ್ಯಾಡ್ರಿ” ಎಂದರಂತೆ. ಮಾವ ತೆಗೆದರು, ಅಳೆದರು. ಆಮೇಲೆ ಇವರೊಡನೆ ಮಾತು ಬಿಟ್ಟರು.

1947ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಒತ್ತಾಯವೂ ಸೇರಿ, ಸರ್ಕಾರ ಧಾನ್ಯದ ನಿಯಂತ್ರಣ ಸಡಿಲಿಸಿತು. ಲೆವಿಯೊಡನೆ ನೌಕರಿಯೂ ಹೋಯಿತು. ಬೆಲೆ ಏರಿ ಮರುವರ್ಷವೇ ನಿಯಂತ್ರಣ ಮರಳಿತು. ಅಷ್ಟರಲ್ಲಿ ಇವರು ಚಿಕ್ಕಮಗಳೂರು ಸೀಮೆಯ ತೋಟವೊಂದರಲ್ಲಿ ರೈಟರಾಗಿ ಕಾಫಿ ತೂಗಿಸುತ್ತಿದ್ದರು. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಹುಟ್ಟಿದ ನಮ್ಮ ಕಾಫಿ ಪೂಲ್ ಮಾತ್ರ 1996ರವರೆಗೆ ನಡೆಯಿತು. ಯುದ್ಧಕಾಲದ ಒಂದು ನಿಯಂತ್ರಣ ಅವರ ನೌಕರಿ ಕಳೆಯಿತು, ಇನ್ನೊಂದು ನಲವತ್ತು ವರ್ಷ ಅನ್ನ ಹಾಕಿತು.

ಎರಡು ಸುಗ್ಗಿ ಕಳೆದ ಮೇಲೆ ಮಾವನಿಂದ ಒಂದು ಚೀಲ ಬಿಳಿಜೋಳ ಬಂತು, ಕಾಗದವಿಲ್ಲದೆ. ಇವರು ಅಡಿಕೆ ಕಳಿಸಿದರು. ಆ ಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವವರೆಗೂ ವರ್ಷಕ್ಕೊಮ್ಮೆ ಜೋಳ ಬರುತ್ತಿತ್ತು, ಅಡಿಕೆ ಹೋಗುತ್ತಿತ್ತು.