ತಾಯಿಯಿಲ್ಲದ ಮರಿ ಮನೆಗೆ ಬಂದಾಗ

ವಾರಸುದಾರರು ಹತ್ತು ವರ್ಷ ಕೇಳದೆ ಬಿಟ್ಟ ಠೇವಣಿಯನ್ನು ಏನು ಮಾಡತಕ್ಕದ್ದೆಂಬುದಕ್ಕೆ ನಮ್ಮ ಬ್ಯಾಂಕುಗಳಲ್ಲಿ ನಿಯಮವುಂಟು. ಅದನ್ನು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಕಣ್ಣು ಸಹ ತೆರೆಯದ ಎರಡು ಅಳಿಲುಮರಿಗಳು 2019ರ ಬೇಸಿಗೆಯ ಒಂದು ಭಾನುವಾರ ನನ್ನ ಅಂಗೈಗೆ ಬಂದಾಗ, ವಾಣಿಜ್ಯ ಪದವೀಧರನಾದ ನನಗೆ ಯಾವ ಸುತ್ತೋಲೆಯೂ ನೆನಪಾಗಲಿಲ್ಲ. ಈ ಸಂಚಿಕೆಗೆ ಆರೋಗ್ಯ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಕೇಳಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗೆಗೆ ಬರೆಯಬಲ್ಲ ವೈದ್ಯರು ನಮ್ಮ ಸಂಘದಲ್ಲೇ ಇದ್ದಾರೆ. ನಾನು ಪೆಟ್ಟು ತಿಂದು ಕಲಿತ ಆರೋಗ್ಯ ವಿಚಾರ ಇದೊಂದೇ.

ಸೌಕಾರ್‌ಪೇಟೆಯನ್ನು ಬಲ್ಲ ವಾಚಕರಿಗೆ ಇಲ್ಲಿ ಕಾಡುಪ್ರಾಣಿಯ ಮಾತೆತ್ತಿದರೆ ನಗು ಬಂದೀತು. ಮಿಂಟ್ ಬೀದಿಯ ಜನಸಂದಣಿಯಲ್ಲಿ ಮನುಷ್ಯನಿಗೇ ಕಾಲಿಡಲು ಜಾಗವಿಲ್ಲ. ಆದರೂ ಹಳೆಯ ಮನೆಗಳ ಗವಾಕ್ಷಿಗಳಲ್ಲಿ, ಗೋಜಲಾದ ತಂತಿಗಳ ಮೇಲೆ ಅಳಿಲುಗಳ ಸಂಸಾರ ನಡೆದೇ ಇದೆ. ಅಂದು ಪಕ್ಕದ ಮನೆಯಲ್ಲಿ ಹವಾನಿಯಂತ್ರಕ ಕೂರಿಸಲು ಬಂದ ಕೆಲಸಗಾರರು ಗೋಡೆಯ ಸಂದಿನಿಂದ ನಾರು, ಹತ್ತಿಗಳ ಮುದ್ದೆಯನ್ನು ಎಳೆದು ಹಾಕಿದರು. ಅದರೊಳಗೆ ಮೂರು ಮರಿಗಳು. ಒಂದು ಆಗಲೇ ಸತ್ತಿತ್ತು.

ಮೇಲೆ ತಂತಿಯ ಮೇಲೆ ತಾಯಿ ಚೀರುತ್ತ ಓಡಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಂಡೂ ಮರಿಗಳನ್ನು ಒಳಗೆ ಒಯ್ದೆ. ಇದು ಮೊದಲನೆಯ ತಪ್ಪು. ಅಳಿಲು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಸಾಗಿಸಬಲ್ಲದು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮರಿಗಳನ್ನು ಬೆಚ್ಚಗಿಟ್ಟು, ಬೆಕ್ಕು ಕಾಗೆಗಳಿಗೆ ಎಟುಕದಂತೆ ಎತ್ತರದಲ್ಲಿರಿಸಿ ಕೆಲವು ಗಂಟೆ ದೂರ ನಿಂತಿದ್ದರೆ ಬಹುಶಃ ಈ ಲೇಖನಕ್ಕೆ ಎಡೆಯೇ ಇರುತ್ತಿರಲಿಲ್ಲ. ನಾನು ಅವನ್ನು ಅನಾಥವೆಂದು ತೀರ್ಮಾನಿಸಿದೆ. ಅನಾಥ ಮಾಡಿದವನು ನಾನೇ.

ಎರಡನೆಯ ತಪ್ಪು ಹಸುವಿನ ಹಾಲು. "ಮರಿ ತಣ್ಣಗಿದೆಯಲ್ಲಪ್ಪಾ, ಮೊದಲು ಬೆಚ್ಚಗೆ ಮಾಡು" ಎಂದು ನನ್ನ ತಾಯಿ ಹೇಳಿದರು. ಅವರು ಡೆಂಕಣಿಕೋಟೆ ಕಡೆಯವರು, ಕುರಿಮರಿಗಳನ್ನು ಸಾಕಿ ಬಲ್ಲವರು. ನಾನು ಕೇಳಲಿಲ್ಲ. ಅಂಗಾತ ಮಲಗಿಸಿ ಇಂಕ್ ಫಿಲ್ಲರಿನಿಂದ ಹಾಲು ಬಿಟ್ಟೆ. ಹಾಲು ಮೂಗಿನಿಂದ ಗುಳ್ಳೆಯಾಗಿ ಬಂತು. ಆ ಮರಿ ರಾತ್ರಿ ಹನ್ನೊಂದರ ಸುಮಾರಿಗೆ ಹೋಯಿತು. ನನ್ನ ಮಗಳು ಏನೂ ಹೇಳದೆ ಒಳಗೆ ಹೋಗಿ ಮಲಗಿದಳು.

ಉಳಿದದ್ದಕ್ಕೆ ಬೆಳಗಾಗುವಷ್ಟರಲ್ಲಿ ಭೇದಿ. ನಮ್ಮ ಸಂಘದ ಹಿರಿಯರೊಬ್ಬರು ನಿವೃತ್ತ ಪಶುವೈದ್ಯರು. ಅವರ ಮನೆಗೆ ಓಡಿದೆ. ಅವರು ಮರಿಯನ್ನು ನೋಡುವ ಮೊದಲು ನನ್ನನ್ನೊಮ್ಮೆ ನೋಡಿ, "ಸ್ವಾಮೀ, ನೀವು ಸಾಲ ಕೊಡುವ ಮೊದಲು ಕಾಗದಪತ್ರ ಪರಿಶೀಲಿಸುವುದಿಲ್ಲವೇ?" ಎಂದರು. ಆಮೇಲೆ ಹೇಳಿದ ಕ್ರಮವನ್ನು ನಾನು ಹಳೆಯ ಲೆಡ್ಜರೊಂದರಲ್ಲಿ ಬರೆದುಕೊಂಡೆ. ತಣ್ಣಗಿರುವ ಮರಿಗೆ ಆಹಾರ ಜೀರ್ಣವಾಗದು. ಆದುದರಿಂದ ಮೊದಲು ಶಾಖ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಅರ್ಧಭಾಗಕ್ಕೆ ಮಾತ್ರ ಇಡಬೇಕು, ಸೆಕೆಯಾದರೆ ಮರಿ ಸರಿದುಕೊಳ್ಳಲು. ಅನಂತರ ಉಗುರುಬೆಚ್ಚಗಿನ ಓ.ಆರ್.ಎಸ್. ದ್ರಾವಣ. ಅಳಿಲಿನ ಹಾಲಿನಲ್ಲಿ ಕೊಬ್ಬು, ಸಸಾರಜನಕ ಬಹಳ ಹೆಚ್ಚು. ಹಸುವಿನ ಹಾಲು ಅದಕ್ಕೆ ಸಾಟಿಯಲ್ಲ. ನಾಯಿಮರಿಗಳಿಗೆಂದು ತಯಾರಾದ ಹಾಲಿನ ಪುಡಿ ವಾಸಿ. ಸೂಜಿ ತೆಗೆದ ಒಂದು ಮಿಲಿಲೀಟರಿನ ಸಿರಿಂಜಿನಿಂದ, ಹೊಟ್ಟೆ ಕೆಳಗಾಗಿ ತಲೆ ತುಸು ಮೇಲಾಗಿ ಹಿಡಿದು, ತೊಟ್ಟು ತೊಟ್ಟಾಗಿ ಕೊಡಬೇಕು. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಕೆಳಭಾಗವನ್ನು ಮೃದುವಾಗಿ ಒರೆಸಬೇಕು. ತಾಯಿ ನೆಕ್ಕದಿದ್ದರೆ ಎಳೆಯ ಮರಿಗೆ ಮಲಮೂತ್ರ ವಿಸರ್ಜನೆಯೇ ಆಗದು. ಈ ಕೊನೆಯ ಸಂಗತಿ ನನ್ನಂಥವನಿಗೆ ಹೇಗೆ ತಿಳಿಯಬೇಕು?

ವೈದ್ಯರ ಮಾತಿನಂತೆ ಅರಣ್ಯ ಇಲಾಖೆಗೂ ವಿಷಯ ತಿಳಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೊಳಪಟ್ಟ ಪ್ರಾಣಿ ಕೈಸೇರಿದವರು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡತಕ್ಕದ್ದು. ಕೋತಿಮರಿ, ಗಿಳಿಮರಿಗಳನ್ನು ಪ್ರೀತಿಯಿಂದ ಸಾಕಿದರೂ ಅದು ಅಪರಾಧವೇ. ನಮ್ಮ ಬೀದಿಯಲ್ಲಿ ಪಂಜರದ ಗಿಳಿ ಇಟ್ಟುಕೊಂಡ ಸಜ್ಜನರು ಇದನ್ನು ಓದಿ ನನ್ನ ಮೇಲೆ ಮುನಿಯಬಾರದು.

ಮೊದಲ ದಿನ ಮರಿಯ ತೂಕ ಹದಿನಾರು ಗ್ರಾಂ. ಇಷ್ಟು ನಿಖರವಾಗಿ ಹೇಗೆ ಗೊತ್ತೆಂದರೆ, ಎದುರು ಅಂಗಡಿಯ ಮಾರವಾಡಿ ಸೇಠರು ಚಿನ್ನ ತೂಗುವ ತಕ್ಕಡಿಯಲ್ಲಿ ದಿನವೂ ತೂಗಿಕೊಟ್ಟರು! ಜೈನರಾದ ಅವರಿಗೆ ಜೀವದಯೆ ಮನೆತನದ ರೂಢಿ. ದೆಹಲಿಯ ಚಾಂದನಿ ಚೌಕದಲ್ಲಿ ಅವರ ಮತದವರು ನಡೆಸುವ ಪಕ್ಷಿಗಳ ಆಸ್ಪತ್ರೆಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಎರಡನೆಯ ದಿನ ಹದಿನೈದಕ್ಕಿಳಿದಾಗ ಸೇಠರ ಮುಖವೂ ಇಳಿಯಿತು. ನನ್ನ ಮಡದಿ ಹಗಲು, ನಾನು ರಾತ್ರಿ, ಹೀಗೆ ಪಾಳಿಯ ಮೇಲೆ ಹಾಲೂಡಿದೆವು. ಕಣ್ಣು ತೆರೆದ ದಿನ ಮೂವತ್ತೆರಡು ಗ್ರಾಂ.

ಸೋಂಕಿನ ಮಾತನ್ನೂ ಹೇಳಬೇಕು. ಮರಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಅಳಿಲಿನಿಂದ ಹುಚ್ಚುನಾಯಿ ರೋಗ ತಗಲುವುದು ತೀರ ವಿರಳ. ಆದರೆ ಕೋತಿ, ಮುಂಗುಸಿ, ನರಿಗಳ ಮರಿಗಳು ಕಚ್ಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ಗಾಯ ತೊಳೆದು, ಅಂದೇ ಚುಚ್ಚುಮದ್ದಿಗೆ ಹೋಗಲೇಬೇಕು. ಗಿಳಿಗಳಿಂದ ಶ್ವಾಸಕೋಶದ ರೋಗವೊಂದು ಬರುವುದುಂಟು. ಹಕ್ಕಿಮರಿಗಳ ಗಂಟಲಿಗೆ ನೀರು, ಹಾಲು ಹೊಯ್ಯುವುದಂತೂ ಕೂಡದು. ಮನುಷ್ಯ ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ತೊರೆಯುತ್ತದೆಂಬುದು ಬರಿಯ ನಂಬಿಕೆ; ಗೂಡಿಗೆ ಮರಳಿಸಬಹುದು.

ನನ್ನ ತಾಯಿಯ ಊರಿನ ಸೀಮೆಯಲ್ಲೇ, 2017ರಲ್ಲಿ, ತಾಯಿಯಾನೆ ವಿದ್ಯುತ್ ತಗುಲಿ ಸತ್ತು ಮರಿಯೊಂದು ಅನಾಥವಾಯಿತು. ಮುದುಮಲೈನ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿಗಳು ಸಾಕಿದ ರಘು ಅದೇ. ಅವರ ಕುರಿತಾದ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದುದನ್ನು ಎಲ್ಲರೂ ಬಲ್ಲರು. ನನಗೆ ಆ ಚಿತ್ರದಲ್ಲಿ ನಾಟಿದ್ದು ಬೇರೆ: ಬೆಳೆದ ರಘುವನ್ನು ಬೇರೆಯವರ ಆರೈಕೆಗೆ ಒಪ್ಪಿಸಬೇಕಾಗಿ ಬಂದ ದಿನ ಆ ದಂಪತಿಗಳ ಮುಖ. ಮನುಷ್ಯನ ಕೈಯಲ್ಲಿ ಬೆಳೆದ ಜೀವ ತನ್ನವರೊಡನೆ ಬೆರೆಯುವುದು ಕಷ್ಟ.

ಇದೇ ಭಯದಿಂದ, ಮರಿ ಕಾಯಿ ಕಡಿಯತೊಡಗಿದ ಮೇಲೆ ಅದನ್ನು ಎತ್ತಿ ಮುದ್ದಾಡುವುದನ್ನು ನಿಲ್ಲಿಸಿದೆವು. ಮಗಳು ಅತ್ತಳು. ತಾರಸಿಯ ಮೇಲೆ ಪಂಜರವಿಟ್ಟು, ಹತ್ತು ದಿನ ಬೇರೆ ಅಳಿಲುಗಳ ಸದ್ದು ಕೇಳಿಸಿ, ಅನಂತರ ಬಾಗಿಲು ತೆರೆದಿಟ್ಟೆವು. ಮೊದಲ ದಿನ ಅದು ಹೊರಬರಲೇ ಇಲ್ಲ. ಮೂರನೆಯ ದಿನ ಹೊರಟು, ಸಂಜೆ ಕಡಲೆಕಾಯಿಗೆ ಮರಳಿತು. ಹೀಗೆ ಹನ್ನೊಂದು ದಿನ ಬಂದುಹೋಯಿತು. ಹನ್ನೆರಡನೆಯ ದಿನ ಬರಲಿಲ್ಲ. ಎದುರಿನ ಬೇವಿನ ಮರ ಸೇರಿತೋ, ಬೀದಿಯ ಬೆಕ್ಕಿನ ಬಾಯಿಗೆ ಬಿತ್ತೋ, ತಾಳೆ ನೋಡಲು ನನ್ನ ಬಳಿ ಲೆಕ್ಕವಿಲ್ಲ.

ಸೇಠರು ಈಗಲೂ ಕೆಲವೊಮ್ಮೆ ಕೇಳುವುದುಂಟು, "ನಮ್ಮ ಗಿರಾಕಿ ಬಂದಿತ್ತೇ?" ಎಂದು. ಲೆಡ್ಜರಿನ ಕೊನೆಯ ನಮೂದು ಎಪ್ಪತ್ತೊಂದು ಗ್ರಾಂ. ಮೊದಲನೆಯ ಪುಟದಲ್ಲಿ, ಆ ರಾತ್ರಿ ಹನ್ನೊಂದರ ಎದುರಿಗೆ, ಮಗಳು ಪೆನ್ಸಿಲಿನಿಂದ ಎಳೆದ ಅಡ್ಡಗೆರೆಯನ್ನು ನಾನು ಅಳಿಸಿಲ್ಲ.