ದಿಲ್ಲಿಯ ಹಣ, ಘಟ್ಟದ ದಾರಿ

ಘಟ್ಟದ ಮೇಲಿನ ಸಿದ್ದಾಪುರ ತಾಲೂಕಿನಲ್ಲಿ ಊರೆಂದರೆ ಬಯಲುಸೀಮೆಯವರು ಕಲ್ಪಿಸಿಕೊಳ್ಳುವಂಥ ಊರಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲು ಅಲ್ಲಿ ಅಪರೂಪ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲೊಂದು ಅಡಿಕೆಯ ತೋಟ, ತೋಟದ ಅಂಚಿನಲ್ಲಿ ಎರಡೋ ನಾಲ್ಕೋ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಮುಂದಿನ ಕೇರಿಗೆ ಹೋಗಬೇಕಾದರೆ ಒಂದು ಹಳ್ಳವನ್ನೋ ಒಂದು ಏರನ್ನೋ ದಾಟಲೇಬೇಕು. ಹೇರೂರಿನ ಸೀಮೆಯೂ ಇದಕ್ಕೆ ಹೊರತಲ್ಲ. ಶಿರಸಿ, ಯಲ್ಲಾಪುರಗಳ ಕಡೆಗೂ ಇದೇ ನೋಟ. ಪೇಟೆಯಿಂದ ರಜೆಗೆ ಬಂದವರಿಗೆ ಈ ಏಕಾಂತವೇ ಸೊಗಸು. ಆದರೆ ಅಲ್ಲಿ ನೆಲೆಸಿದವರಿಗೆ ನೀರು, ದೀಪ, ದಾರಿಗಳನ್ನು ಒದಗಿಸಬೇಕಾದ ಗ್ರಾಮ ಪಂಚಾಯಿತಿಗೆ ಅದು ಖರ್ಚಿನ ಬಾಬು.

ಈ ಖರ್ಚಿಗೆ ಹಣವೆಲ್ಲಿಂದ ಬರುತ್ತದೆ? ಮನೆಗಂದಾಯ ಒಂದು ಮೂಲ. ಆದರೆ ಮನೆಗಳೇ ಕಡಮೆಯಿರುವಲ್ಲಿ ಕಂದಾಯವೆಷ್ಟು ಕೂಡೀತು? ರಾಜ್ಯ ಸರಕಾರದ ಶಾಸನಬದ್ಧ ಅನುದಾನ ಇನ್ನೊಂದು. ಅದರಲ್ಲಿ ದೊಡ್ಡ ಪಾಲು ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೇ ಸಲ್ಲುತ್ತದೆ. ಮೂರನೆಯದು ದಿಲ್ಲಿಯಿಂದ ಬರುವ ಹಣಕಾಸು ಆಯೋಗದ ಅನುದಾನ. ಹೊಸದಾಗಿ ಏನಾದರೂ ಕಟ್ಟಬೇಕೆಂದಾಗ ಪಂಚಾಯಿತಿಯ ಕಣ್ಣು ಹರಿಯುವುದು ಮುಖ್ಯವಾಗಿ ಈ ಮೂರನೆಯದರ ಕಡೆಗೆ.

ಈ ಏರ್ಪಾಡು ಬಹಳ ಹಳೆಯದೇನಲ್ಲ. ಉತ್ತರ ಕನ್ನಡವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. 1959ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಹೊಸ ಕಾಯಿದೆ ಬಂದಿತು. ಆದರೂ ದಿಲ್ಲಿಯ ಬೊಕ್ಕಸಕ್ಕೂ ಹಳ್ಳಿಯ ಪಂಚಾಯಿತಿಗೂ ನಡುವೆ ಸಂವಿಧಾನಬದ್ಧವಾದ ಸಂಬಂಧವಿರಲಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿ ಆ ಸಂಬಂಧವನ್ನು ಬೆಸೆಯಿತು. ಅಂದಿನಿಂದ ಕೇಂದ್ರದ ಹಣಕಾಸು ಆಯೋಗವು ಪಂಚಾಯಿತಿಗಳ ಸಂಪನ್ಮೂಲವನ್ನು ಹೆಚ್ಚಿಸುವ ದಾರಿಯನ್ನೂ ಸೂಚಿಸಬೇಕಾಯಿತು. 1995ರಿಂದ 2000ದ ವರೆಗಿನ ಹತ್ತನೆಯ ಆಯೋಗ ಗ್ರಾಮೀಣ ಜನಸಂಖ್ಯೆಯಲ್ಲಿ ತಲೆಗೆ ನೂರು ರೂಪಾಯಿಯೆಂದು ಲೆಕ್ಕ ಹಾಕಿತು. ವೈ. ವಿ. ರೆಡ್ಡಿಯವರ ಅಧ್ಯಕ್ಷತೆಯ ಹದಿನಾಲ್ಕನೆಯ ಆಯೋಗ 2015ರಿಂದ ಐದು ವರ್ಷಕ್ಕೆ ಎರಡು ಲಕ್ಷ ಕೋಟಿಗೂ ಮಿಕ್ಕಿದ ಮೊತ್ತವನ್ನು ಗ್ರಾಮ ಪಂಚಾಯಿತಿಗಳಿಗೇ ಮೀಸಲಿಟ್ಟಿತು. ಎನ್. ಕೆ. ಸಿಂಗ್ ಅವರ ಹದಿನೈದನೆಯ ಆಯೋಗ 2021ರಿಂದ 2026ರ ವರೆಗಿನ ಅವಧಿಗೆ ಗ್ರಾಮ, ತಾಲೂಕು, ಜಿಲ್ಲೆ ಮೂರೂ ಹಂತಗಳಿಗೆ ಸೇರಿ 2,36,805 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು.

ಮೊತ್ತ ಕೇಳಿದರೆ ತಲೆ ತಿರುಗುವಂತಿದೆ. ಆದರೆ 2011ರ ಜನಗಣತಿಯಂತೆ ದೇಶದ ಹಳ್ಳಿಗಳಲ್ಲಿದ್ದವರು ಸುಮಾರು 83 ಕೋಟಿ. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು 570 ರೂಪಾಯಿ. ದಿನವೊಂದಕ್ಕೆ ಒಂದೂವರೆ ರೂಪಾಯಿ. ಹಣಕ್ಕೆ ಕಟ್ಟುಪಾಡುಗಳೂ ಉಂಟು. ಹದಿನೈದನೆಯ ಆಯೋಗದ ಅವಧಿಯಲ್ಲಿ ನೂರರಲ್ಲಿ ಅರುವತ್ತು ಪಾಲು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು. ಉಳಿದ ನಲವತ್ತನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು. ಸಂಬಳಕ್ಕೂ ಕಚೇರಿಯ ಖರ್ಚಿಗೂ ಮುಟ್ಟುವಂತಿರಲಿಲ್ಲ. ಹಳ್ಳಕ್ಕೊಂದು ಕಾಲುಸಂಕ ಬೇಕೆಂದರೂ, ಏರಿನ ದಾರಿಗೆ ಕಲ್ಲು ಹಾಸಬೇಕೆಂದರೂ ಈ ನಲವತ್ತರಲ್ಲೇ ಸರದಿ ಕಾಯಬೇಕಿತ್ತು.

ಹಣವನ್ನು ಹಂಚುವ ಸೂತ್ರದಲ್ಲಿಯೇ ಘಟ್ಟದ ಮೇಲಿನವರ ಕಷ್ಟವಡಗಿದೆ. ಹದಿನೈದನೆಯ ಆಯೋಗದ ಸೂತ್ರದಲ್ಲಿ ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ತೊಂಬತ್ತು ಪಾಲು, ವಿಸ್ತೀರ್ಣಕ್ಕೆ ಹತ್ತು ಪಾಲು. ರಾಜ್ಯದೊಳಗೆ ರಾಜ್ಯ ಹಣಕಾಸು ಆಯೋಗದ ಬೇರೆ ಸೂತ್ರವು ಅಂಗೀಕಾರವಾಗಿರದಿದ್ದರೆ ಅಲ್ಲಿಯೂ ಇದೇ ಅಳತೆ. ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 2011ರಲ್ಲಿ 319 ಜನರಿದ್ದರೆ ಉತ್ತರ ಕನ್ನಡದಲ್ಲಿ 140 ಮಂದಿ ಮಾತ್ರ. ಅಂದರೆ ಅಷ್ಟೇ ಜನರಿಗೆ ಅಷ್ಟೇ ನೀರನ್ನು ಮುಟ್ಟಿಸಲು ಇಲ್ಲಿ ಕೊಳವೆ ಹೆಚ್ಚು ದೂರ ಹರಿಯಬೇಕು. ತಂತಿಯೂ ಹೆಚ್ಚು, ದಾರಿಯೂ ಹೆಚ್ಚು. ಅದರ ಮೇಲೆ ಮಳೆಗಾಲದ ಹೊಡೆತ. ಬಯಲಿನಲ್ಲಿ ಹಲವು ವರ್ಷ ಬಾಳುವ ಮಣ್ಣಿನ ದಾರಿ ಮಲೆನಾಡಿನ ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುವುದುಂಟು. ಇಷ್ಟೆಲ್ಲಕ್ಕೂ ವಿಸ್ತೀರ್ಣದ ಆ ಹತ್ತು ಪಾಲೇ ಸಮಾಧಾನ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮವನ್ನು ರೂಪಿಸಿದವರು ಮಲೆನಾಡಿನ ದೂರವನ್ನು ಅರಿಯದವರಲ್ಲ. ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಿಗೆ ಒಂದು ಪಂಚಾಯಿತಿಯೆಂದು ವಿಧಿಸಿದ ಅವರು, ಉತ್ತರ ಕನ್ನಡವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ 2,500 ಜನರಿಗೂ ಒಂದು ಪಂಚಾಯಿತಿಯಾಗಬಹುದೆಂದು ವಿನಾಯಿತಿ ಕೊಟ್ಟರು. ಕಚೇರಿ ಜನರಿಗೆ ಹತ್ತಿರವಾಗಲೆಂಬುದು ಉದ್ದೇಶ. ಆದರೆ ತಲೆಯೆಣಿಕೆಯ ಸರಾಸರಿಯಲ್ಲಿ 7,000 ಜನರ ಪಂಚಾಯಿತಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ಬಂದರೆ 2,500 ಜನರದಕ್ಕೆ 14 ಲಕ್ಷ ಮಾತ್ರ. ಪಂಚಾಯಿತಿಯ ಗಾತ್ರವನ್ನು ಗೊತ್ತುಮಾಡುವಾಗ ಕಾನೂನು ಒಪ್ಪಿಕೊಂಡ ದೂರವನ್ನು ಬೊಕ್ಕಸ ಅಷ್ಟಾಗಿ ಒಪ್ಪಿಕೊಂಡಿಲ್ಲ.

ಹಾಗೆಂದು ತಲೆಯೆಣಿಕೆಯನ್ನು ಹಳಿಯುವಂತಿಲ್ಲ. ಅದು ಎಲ್ಲರಿಗೂ ತಿಳಿಯುವ ಲೆಕ್ಕ. ಅಲ್ಲಿ ವಶೀಲಿಗೆ ಎಡೆಯಿಲ್ಲ. ಕೇಂದ್ರದಿಂದ ಬಂದ ಹಣವನ್ನು ರಾಜ್ಯವು ಹತ್ತು ಕೆಲಸದ ದಿನಗಳೊಳಗೆ ಪಂಚಾಯಿತಿಗೆ ದಾಟಿಸಬೇಕು, ತಡವಾದರೆ ಬಡ್ಡಿ ಕೊಡಬೇಕೆಂದು ಹದಿನೈದನೆಯ ಆಯೋಗ ವಿಧಿಸಿದ್ದೂ ಒಳ್ಳೆಯದೇ. ಚುನಾಯಿತ ಮಂಡಳಿಯಿಲ್ಲದಿದ್ದರೆ ಅನುದಾನವಿಲ್ಲವೆಂಬ ನಿಯಮದ ಬಿಸಿ ಕರ್ನಾಟಕಕ್ಕೂ ತಟ್ಟಿತು. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಅವುಗಳ ಪಾಲಿನ ಕೇಂದ್ರದ ಹಣಕ್ಕೆ ತಡೆ ಬಿದ್ದಿತು. ಜನರು ಆರಿಸಿದವರ ಕೈಗೇ ಜನರ ಹಣ ಸೇರಬೇಕೆಂಬ ತತ್ತ್ವವನ್ನು ಯಾರು ತಾನೆ ಅಲ್ಲಗಳೆದಾರು? ಆದರೆ ಚುನಾವಣೆ ನಡೆಸದಿದ್ದವರು ಹಳ್ಳಿಯವರಲ್ಲ. ನಷ್ಟ ಮಾತ್ರ ಅವರದಾಯಿತು.

ಹಾಗಾದರೆ ಪರಿಹಾರವೇನು? ಸೂತ್ರವನ್ನು ತಿದ್ದುವ ಅವಕಾಶ ದಿಲ್ಲಿಯಲ್ಲಿ ಮಾತ್ರವಿಲ್ಲ, ಬೆಂಗಳೂರಿನಲ್ಲಿಯೂ ಇದೆ. ಸಂವಿಧಾನದಂತೆ ಐದು ವರ್ಷಕ್ಕೊಮ್ಮೆ ನೇಮಕವಾಗಬೇಕಾದ ರಾಜ್ಯ ಹಣಕಾಸು ಆಯೋಗವು ಮಲೆನಾಡಿನ ದೂರ, ಮಳೆ, ಚದುರಿದ ಮನೆಗಳಿಗೆ ಹೆಚ್ಚಿನ ತೂಕ ಕೊಡುವಂತೆ ಶಿಫಾರಸು ಮಾಡಬಲ್ಲದು. ಅದಕ್ಕೆ ಬೇಕಾದ ಲೆಕ್ಕವನ್ನು ಒದಗಿಸುವ ಹೊಣೆ ಪಂಚಾಯಿತಿಗಳದು: ಒಂದು ಮನೆಗೆ ಎಷ್ಟು ಗಜ ಕೊಳವೆ, ಒಂದು ಕೇರಿಗೆ ಎಷ್ಟು ದಾರಿ, ದುರಸ್ತಿಗೆ ವರ್ಷಕ್ಕೆ ಎಷ್ಟು ರೂಪಾಯಿ ಎಂಬುದು ಬರಹದಲ್ಲಿರಬೇಕು. ಕೇಳುವ ವೇದಿಕೆ ಗ್ರಾಮಸಭೆ. ಹಣ ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಅಲ್ಲಿ ಯಾವ ಮತದಾರನೂ ಕೇಳಬಹುದು.

ಮುಂದಿನ ಮಳೆಗಾಲದಲ್ಲಿಯೂ ಹಳ್ಳ ತುಂಬುತ್ತದೆ. ಪುಸ್ತಕದ ಚೀಲ ಹೊತ್ತ ಮಕ್ಕಳು ಆಚೆಯ ದಡದ ಶಾಲೆಗೆ ಹೋಗಲೇಬೇಕು. ಕೇರಿಯಲ್ಲಿ ಹತ್ತು ಜನರಿರಲಿ, ನೂರು ಜನರಿರಲಿ, ದಾಟಬೇಕಾದ ಹಳ್ಳದ ಅಗಲ ಒಂದೇ. ಹಣ ಹಂಚುವವರು ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಸಾಕು.